ಬರದಲ್ಲೂ ಹಿಂಗಾರಿ ಜೋಳದ ಎಲೆ ಹಸಿರಾಗಿ ಉಳಿಯಬೇಕೆ? ಜತ್ತ, ಅಕ್ಕಲಕೋಟೆ ಕಡೆಯ ರೈತರಿಗೆ ಹಂತ ಹಂತದ ಮಾರ್ಗದರ್ಶಿ

ಮಹಾರಾಷ್ಟ್ರದ ಗಡಿಯ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಕಡೆ ಮಳೆ ಕೈಕೊಟ್ಟ ವರ್ಷವೆಲ್ಲ ಇದೇ ಗೋಳು. ದೀಪಾವಳಿ ಕಳೆದ ಮೇಲೆ ಜೋಳ ನೋಡಲು ಎರಡು ಕಣ್ಣು ಸಾಲದು. ದಟ್ಟ ಬೆಳೆ, ಅಗಲ ಎಲೆ, ಕಡು ಹಸಿರು. ಸಂಕ್ರಾಂತಿ ಹೊತ್ತಿಗೆ ಅದೇ ಹೊಲ ಬುಡದಿಂದ ಒಣಗುತ್ತಾ ಬರುತ್ತದೆ. ತೆನೆ ಇರುತ್ತದೆ, ಕಾಳು ಜೊಳ್ಳು. ಜೋರು ಗಾಳಿ ಬೀಸಿದರೆ ದಂಟು ಬುಡದಲ್ಲೇ ಮುರಿದು ಮಲಗುತ್ತದೆ. ಆಗ ಯೂರಿಯಾ ಒಗೆಯುತ್ತಾರೆ, ಅಂಗಡಿಯವರು ಕೊಟ್ಟ ಟಾನಿಕ್ ಹೊಡೆಯುತ್ತಾರೆ. ದುಡ್ಡು ಹೋಗುತ್ತದೆ, ಎಲೆ ಹಸಿರಾಗುವುದಿಲ್ಲ.

ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ನೀರಿನ ಹಗೇವು ಇದ್ದಂತೆ. ಮಳೆಗಾಲದಲ್ಲಿ ತುಂಬಿದ್ದನ್ನೇ ಚಳಿಗಾಲವೆಲ್ಲ ತೆಗೆದು ಉಣ್ಣಬೇಕು. ಜನವರಿಯಲ್ಲಿ ಕಾಳು ತುಂಬಲು ಬೇಕಾದ ನೀರು ಆಗಸ್ಟ್‌ನಿಂದ ಅಕ್ಟೋಬರ್ ಒಳಗೇ ಮಣ್ಣಿಗೆ ಇಳಿದಿರಬೇಕು. ಅಷ್ಟೇ ಅಲ್ಲ, ನವೆಂಬರ್‌ನಲ್ಲಿ ಅದು ಖರ್ಚಾಗದೆ ಉಳಿದಿರಬೇಕು. ಕೆಳಗೆ ಬರೆದ ಹಂತಗಳೆಲ್ಲ ಈ ಎರಡು ಕೆಲಸಕ್ಕೇ. ಕ್ರಮ ಬದಲಿಸಬೇಡಿ. ಮೂರನೇ ಹಂತ ಬಿಟ್ಟು ಎಂಟನೆಯದನ್ನು ಎಷ್ಟು ಚೆನ್ನಾಗಿ ಮಾಡಿದರೂ ಉಪಯೋಗವಿಲ್ಲ.

## ಕೆಲಸಕ್ಕೆ ಇಳಿಯುವ ಮೊದಲು: ನೀರು ಕಮ್ಮಿಯಾದಾಗ ಜೋಳದೊಳಗೆ ಏನಾಗುತ್ತದೆ

ಇದನ್ನು ಓದದೆ ಮುಂದೆ ಹೋಗಬೇಡಿ. ಮುಂದಿನ ಪ್ರತಿ ಹಂತಕ್ಕೂ ಕಾರಣ ಇಲ್ಲೇ ಇದೆ.

ಎಲೆಯ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿರುತ್ತವೆ. ಇವೇ ಪತ್ರರಂಧ್ರಗಳು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಇವುಗಳಿಂದ ಒಳಗೆ ಬರುತ್ತದೆ. ಅದನ್ನೂ ನೀರನ್ನೂ ಸೇರಿಸಿ, ಬಿಸಿಲಿನ ಬಲದಿಂದ ಎಲೆ ಸಕ್ಕರೆ ಮಾಡುತ್ತದೆ. ದ್ಯುತಿಸಂಶ್ಲೇಷಣೆ ಅನ್ನುವುದು ಇದಕ್ಕೇ. ಆದರೆ ಅದೇ ಬಾಯಿಯಿಂದ ನೀರು ಆವಿಯಾಗಿ ಹೊರಗೂ ಹೋಗುತ್ತದೆ. ಬಾಯಿ ತೆರೆದರೆ ನೀರು ನಷ್ಟ, ಮುಚ್ಚಿದರೆ ಸಕ್ಕರೆ ನಷ್ಟ. ಮಣ್ಣು ಒಣಗಿದಾಗ ಬೇರು ಒಂದು ಹಾರ್ಮೋನನ್ನು ಮೇಲಕ್ಕೆ ಕಳಿಸುತ್ತದೆ. ಅದು ತಲುಪಿದೊಡನೆ ಎಲೆ ಬಾಯಿ ಮುಚ್ಚತೊಡಗುತ್ತದೆ.

ಗೋಧಿ, ಭತ್ತ ಇಲ್ಲೇ ಸೋಲುತ್ತವೆ. ಬಾಯಿ ಅರ್ಧ ಮುಚ್ಚಿದರೆ ಅವುಗಳ ಸಕ್ಕರೆ ಕೆಲಸ ಬೇಗ ಕುಂಟುತ್ತದೆ. ಜೋಳ, ಸಜ್ಜೆ, ಗೋವಿನಜೋಳ ಸಿ4 ಗುಂಪಿನ ಬೆಳೆಗಳು. ಇವು ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಮೊದಲು ಹಿಡಿದು, ಎಲೆಯ ನರಗಳ ಸುತ್ತ ಇರುವ ಜೀವಕೋಶಗಳಿಗೆ ತಳ್ಳಿ ಅಲ್ಲಿ ಒತ್ತಾಗಿ ತುಂಬುತ್ತವೆ. ಹಾಗಾಗಿ ಬಾಯಿ ಸ್ವಲ್ಪವೇ ತೆರೆದಿದ್ದರೂ ಕೆಲಸ ನಡೆಯುತ್ತದೆ. ಒಂದು ಕೊಡ ನೀರಿಗೆ ಗೋಧಿ ಮಾಡುವುದಕ್ಕಿಂತ ಜಾಸ್ತಿ ಮೇವು, ಕಾಳು ಜೋಳ ಮಾಡುತ್ತದೆ.

ಇದರ ಜೊತೆಗೆ ಜೋಳಕ್ಕೆ ಇನ್ನೂ ಕೆಲವು ಉಪಾಯ ಗೊತ್ತು. ದಂಟನ್ನು ಬೆರಳಿಂದ ಉಜ್ಜಿದರೆ ಬಿಳಿ ಬೂದಿ ಅಂಟುತ್ತದಲ್ವಾ, ಅದು ಮೇಣ. ನೀರು ಆರುವುದನ್ನು ತಡೆಯುತ್ತದೆ, ಬಿಸಿಲನ್ನು ವಾಪಸು ಎಸೆಯುತ್ತದೆ. ಎಲೆ ಸುರುಳಿ ಸುತ್ತಿಕೊಂಡು ಬಿಸಿಲಿಗೆ ಒಡ್ಡುವ ಮೈಯನ್ನು ಕಡಿಮೆ ಮಾಡುತ್ತದೆ. ಜೀವಕೋಶಗಳು ಒಳಗೆ ಸಕ್ಕರೆ, ಪೊಟ್ಯಾಷಿಯಂ ಕೂಡಿಸಿಕೊಂಡು ನೀರು ಬಿಟ್ಟುಕೊಡದೆ ಹಿಡಿಯುತ್ತವೆ. ಮಣ್ಣಿಗೆ ಆಳವಿದ್ದರೆ ಬೇರು ಐದು ಅಡಿಗೂ ಕೆಳಗೆ ಹೋಗುತ್ತದೆ. ತೀರಾ ಕಷ್ಟವಾದರೆ ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ, ಮಳೆ ಬಂದರೆ ಮತ್ತೆ ಏಳುತ್ತದೆ.

ಇಷ್ಟಿದ್ದರೂ ಒಂದು ಮಿತಿ ಇದೆ. ಬಾಯಿ ಪೂರ್ತಿ ಮುಚ್ಚಿದ ಮೇಲೂ ಬಿಸಿಲು ಬೀಳುವುದು ನಿಲ್ಲುವುದಿಲ್ಲ. ಹೀರಿದ ಬೆಳಕಿನ ಶಕ್ತಿಗೆ ಕೆಲಸವಿಲ್ಲದೆ ಅದು ಎಲೆಯ ಹಸಿರನ್ನೇ ಸುಡುತ್ತದೆ. ಕಾಳು ತುಂಬುವ ಹೊತ್ತಿಗೆ ಹೀಗಾದರೆ ಗಿಡ ದಂಟಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ತೆನೆಗೆ ಸಾಗಿಸುತ್ತದೆ. ದಂಟು ಬರಿದಾಗುತ್ತದೆ, ಬುಡಕ್ಕೆ ರೋಗ ಹತ್ತುತ್ತದೆ, ಬೆಳೆ ಮಲಗುತ್ತದೆ. ಸಂಕ್ರಾಂತಿಗೆ ನೀವು ನೋಡುವುದು ಇದನ್ನೇ.

## ಬೇಕಾಗುವ ಸಾಮಾನು

ಸಾಲಿನ ನಡುವೆ ಆಡಿಸುವ ಎಡೆಕುಂಟೆ ಎರಡು ಬಗೆ: ಒಂದು ಸಾದಾ ಕುಡದ್ದು (ಅಲಗಿನದು), ಇನ್ನೊಂದು ಹಲ್ಲಿನದು. ಬೀಜಕ್ಕೂ ಗೊಬ್ಬರಕ್ಕೂ ಬೇರೆ ಬೇರೆ ಬಟ್ಟಲಿರುವ ಕೂರಿಗೆ. ಬದು ಹಾಕುವ ಸಾಧನ. ನಮ್ಮ ಕಡೆ ಟ್ರ್ಯಾಕ್ಟರಿನವರು ಸಾರಾ ಯಂತ್ರ ಅಂತಾರೆ, ಬಾಡಿಗೆಗೆ ಸಿಗುತ್ತದೆ. ನಾಲ್ಕು ಅಡಿಯ ಗಟ್ಟಿ ಕಬ್ಬಿಣದ ಸರಳು, ತುದಿ ಚೂಪಾಗಿರಲಿ. ಸಲಿಕೆ, ಅಳತೆ ಟೇಪ್, ಒಂದು ನೋಟ್‌ಬುಕ್. ಕೈಪಂಪು ಕೊನೆಯಲ್ಲಿ ಬೇಕಾಗಬಹುದು, ಬೇಡವಾಗಲೂಬಹುದು.

ಸರಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನನ್ನು ಕೇಳಿದರೆ ಈ ಪಟ್ಟಿಯಲ್ಲಿ ಅದೇ ಮುಖ್ಯ.

## ಹಂತ 1: ಹೊಲದ ಆಳ ಅಳೆಯಿರಿ (ಜೂನ್, ಜುಲೈ)

ಮೊದಲ ಹದ ಮಳೆ ಆದ ಮೇಲೆ ಹೊಲದ ಐದಾರು ಕಡೆ ಸರಳು ಇಳಿಸಿ. ಕೆಳಗೆ ಗರಸು ಅಥವಾ ಕಲ್ಲು ತಾಗಿ ಸರಳು ನಿಂತ ಜಾಗಕ್ಕೆ ಗುರುತು ಮಾಡಿ ಅಳೆಯಿರಿ. ಮಣ್ಣು ಒಣಗಿಯೇ ಇದ್ದರೆ ಸರಳು ಮೇಲೆಯೇ ನಿಲ್ಲುತ್ತದೆ, ಅದನ್ನು ಕಲ್ಲು ಅಂದುಕೊಳ್ಳಬೇಡಿ. ಅನುಮಾನ ಬಂದರೆ ಸಲಿಕೆಯಿಂದ ಒಂದು ಗುಂಡಿ ತೋಡಿ ನೋಡಿ.

30 ಸೆಂಟಿಮೀಟರ್‌ವರೆಗೆ ಮಣ್ಣಿದ್ದರೆ ಹಗುರ ಹೊಲ. 60ರವರೆಗೆ ಇದ್ದರೆ ಮಧ್ಯಮ. ಅದಕ್ಕೂ ಜಾಸ್ತಿ ಇದ್ದರೆ ಭಾರಿ ಎರೆ. ಬೀಜದ ಚೀಲದ ಮೇಲೆ, ಕೃಷಿ ಸಹಾಯಕರು ಕೊಡುವ ಮರಾಠಿ ಹಾಳೆಯಲ್ಲಿ ಹಲಕೀ, ಮಧ್ಯಮ, ಭಾರೀ ಜಮೀನ ಅಂತ ಬರೆದಿರುವುದು ಇದೇ ಲೆಕ್ಕ.

ಇಲ್ಲಿ ಆಗುವ ತಪ್ಪು: ಇಡೀ ಹೊಲಕ್ಕೆ ಒಂದೇ ಲೆಕ್ಕ. ಉಮದಿ, ಸಂಖ, ಮಾಡಗ್ಯಾಳ ಕಡೆ ಒಂದೇ ಪಟ್ಟಿಯಲ್ಲಿ ಮೇಲಿನ ತುದಿ ಮಸಾರಿ (ತೆಳು ಮಣ್ಣು), ಕೆಳಗಿನ ತುದಿ ಎರೆ ಇರುವುದು ಸಾಮಾನ್ಯ. ಎರಡು ತುದಿಗೆ ತಳಿ ಬೇರೆ, ಸಾಲಿನೊಳಗಿನ ಅಂತರ ಬೇರೆ. ನೋಟ್‌ಬುಕ್ಕಿನಲ್ಲಿ ಹೊಲದ ಚಿತ್ರ ಬರೆದು ಆಳ ಗುರುತಿಸಿ ಇಡಿ. ಆಳ ಒಂದೆರಡು ವರ್ಷದಲ್ಲಿ ಬದಲಾಗುವುದಲ್ಲ, ಒಮ್ಮೆ ಮಾಡಿದರೆ ಸಾಕು.

## ಹಂತ 2: ಚೌಕು ಮಡಿ ಹಾಕಿ (ಜುಲೈ, ಆಗಸ್ಟ್)

ಹಿಂಗಾರಿಗೆ ಬಿಟ್ಟ ಹೊಲ ಮಳೆಗಾಲದಲ್ಲಿ ಖಾಲಿ ಇರುತ್ತದೆ. ಖಾಲಿ ಇದೆ ಅಂತ ಸುಮ್ನೆ ಬಿಡುವುದೇ ಮೊದಲ ದೊಡ್ಡ ನಷ್ಟ. 10 ಮಿಲಿಮೀಟರ್ ಮಳೆ ಒಂದು ಎಕರೆ ಮೇಲೆ ಬಿದ್ದರೆ ಸುಮಾರು 40,000 ಲೀಟರ್ ನೀರು. ನಮ್ಮ ಕಡೆ ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ. ಎರೆ ಮಣ್ಣು ಮೇಲೆ ಮುಚ್ಚಿಕೊಂಡು ನೀರು ಹಳ್ಳದ ದಾರಿ ಹಿಡಿಯುತ್ತದೆ.

ಹೊಲವನ್ನು 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕಗಳಾಗಿ ಮಾಡಿ, ಸುತ್ತ ಸುಮಾರು ಒಂದು ಅಡಿ ಎತ್ತರದ ಬದು ಹಾಕಿ. ಇಳಿಜಾರು ಜಾಸ್ತಿ ಇದ್ದರೆ ಚೌಕ ಚಿಕ್ಕದಾಗಲಿ, 6 ಮೀಟರ್‌ಗೆ ಇಳಿಸಿ. ಮೊದಲು ಇಳಿಜಾರಿಗೆ ಅಡ್ಡಲಾಗಿ ಬದು ಎಳೆಯಿರಿ, ಆಮೇಲೆ ಉದ್ದುದ್ದ. ಉಲ್ಟಾ ಮಾಡಿದರೆ ಎರಡನೇ ಸಲ ಟ್ರ್ಯಾಕ್ಟರ್ ಹೋಗುವಾಗ ಅಡ್ಡ ಬದು ಒಡೆದು, ಮುಖ್ಯವಾದ ಜಾಗದಲ್ಲೇ ಕಿಂಡಿ ಬೀಳುತ್ತದೆ. ಚೌಕದ ಮೂಲೆಗಳನ್ನು ಸಲಿಕೆಯಿಂದ ಕೈಯಾರೆ ಮುಚ್ಚಿ. ಯಂತ್ರ ಮೂಲೆ ಕೂಡಿಸುವುದಿಲ್ಲ. ನೀರು ಓಡುವುದು ಅಲ್ಲಿಂದಲೇ.

ಮೊದಲ ಜೋರು ಮಳೆ ಆದ ಮರುದಿನ ಹೊಲ ಸುತ್ತಿ. ಒಡೆದ ಬದು ಆ ದಿನವೇ ಕಟ್ಟಿ. ಚೌಕದಲ್ಲಿ ನೀರು ಎರಡು ದಿನಕ್ಕಿಂತ ಜಾಸ್ತಿ ನಿಂತರೆ ಕೆಳಗಿನ ಬದುವಿನಲ್ಲಿ ಸಣ್ಣ ದಾರಿ ಮಾಡಿ ಮುಂದಿನ ಚೌಕಕ್ಕೆ ಬಿಡಿ. ಹಳ್ಳಕ್ಕೆ ಬಿಡಬೇಡಿ.

ಕಳೆ ಎದ್ದರೆ ಬಿಡಬಾರದು. ಆಗಸ್ಟ್‌ನಲ್ಲಿ ಮೊಳಕಾಲೆತ್ತರ ಕಳೆ ನಿಂತಿದೆ ಅಂದರೆ ಜನವರಿಯ ನೀರನ್ನು ಅದು ಈಗಲೇ ಕುಡಿಯುತ್ತಿದೆ ಅಂತ ಅರ್ಥ. ಚೌಕದೊಳಗೆ ಚಿಕ್ಕ ಕುಂಟೆ ಆಡಿಸಿ ಕಳೆ ತೆಗೆಯಿರಿ. ಬಿತ್ತುವ ಮುಂದೆ ಹರಗುವಾಗ ಬದುಗಳು ತಾವೇ ನೆಲಸಮ ಆಗುತ್ತವೆ, ಅದಕ್ಕೆ ಬೇರೆ ಕೆಲಸವಿಲ್ಲ.

## ಹಂತ 3: ಆಳಕ್ಕೆ ತಕ್ಕ ತಳಿ

ಪಕ್ಕದವರ ಹೊಲದಲ್ಲಿ ಚೆನ್ನಾಗಿ ಬಂತು ಅಂತ ಬೀಜ ತರಬೇಡಿ. ಅವರ ಮಣ್ಣಿನ ಆಳ ಕೇಳಿ ತನ್ನಿ.

ರಾಹುರಿ ಕೃಷಿ ವಿಶ್ವವಿದ್ಯಾಲಯದ ತಳಿಗಳನ್ನು ಮಣ್ಣಿನ ಆಳ ನೋಡಿಯೇ ಬಿಟ್ಟಿದ್ದಾರೆ. ಹಗುರ ಹೊಲಕ್ಕೆ ಫುಲೆ ಅನುರಾಧಾ. ಹಗುರದಿಂದ ಮಧ್ಯಮಕ್ಕೆ ಫುಲೆ ಮಾವುಲಿ. ಮಧ್ಯಮಕ್ಕೆ ಫುಲೆ ಸುಚಿತ್ರಾ. ಭಾರಿ ಎರೆಗೆ ಫುಲೆ ವಸುಧಾ. ನೀರಿನ ಅನುಕೂಲ ಇರುವ ಭಾರಿ ಎರೆಗೆ ಫುಲೆ ರೇವತಿ. ಮಾಲದಂಡಿ ಅಂದರೆ ಎಂ 35-1 ರೊಟ್ಟಿಗೂ ಕಣಿಕೆಗೂ (ಒಣ ದಂಟಿನ ಮೇವು) ಇವತ್ತಿಗೂ ಬೇಡಿಕೆ ಇರುವ ತಳಿ. ಮಂಗಳವೇಢೆಯ ಮಾಲದಂಡಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ಒಂದು ಅಡಿ ಮಣ್ಣಿನ ಮಸಾರಿಯಲ್ಲಿ ಅದನ್ನು ಹಾಕಿ ನಾಲ್ಕು ತಿಂಗಳು ಕಾಯುವುದು ಜಾಣತನವಲ್ಲ. ಹಗುರ ಹೊಲದಲ್ಲಿ ಹಸಿ ಮುಗಿಯುವ ಮೊದಲೇ ಕಾಳು ಕಟ್ಟುವ ತಳಿ ಬೇಕು.

ಸ್ವಂತ ಬೀಜ ಇಟ್ಟುಕೊಳ್ಳುವವರು ತೆನೆ ಆರಿಸುವಾಗ ಬರೀ ತೆನೆಯ ಗಾತ್ರ ನೋಡುತ್ತಾರೆ. ಕೊಯ್ಲಿಗೆ ಹತ್ತಿರ ಬಂದಾಗಲೂ ಮೇಲಿನ ಎಲೆ ಹಸಿರಾಗಿದ್ದು, ದಂಟು ಗಟ್ಟಿಯಾಗಿ ನಿಂತ ಗಿಡಕ್ಕೆ ದಾರ ಕಟ್ಟಿ ಗುರುತು ಮಾಡಿ. ಈ ಹಸಿರು ಉಳಿಸಿಕೊಳ್ಳುವ ಗುಣ ಬೀಜದಲ್ಲಿ ಸಾಗುವಂಥದ್ದು. ವಿಜ್ಞಾನಿಗಳು ಜೋಳದಲ್ಲಿ ಇದಕ್ಕೆ ಕಾರಣವಾದ ನಾಲ್ಕು ವಂಶವಾಹಿ ಭಾಗಗಳನ್ನು ಗುರುತಿಸಿದ್ದಾರೆ. ಒಂದು ಎಚ್ಚರಿಕೆ: ಗಿಡಗಳು ವಿರಳವಾಗಿರುವ ಜಾಗದಲ್ಲಿ, ಬದುವಿನ ಪಕ್ಕದಲ್ಲಿ ಯಾವ ಗಿಡವಾದರೂ ಹಸಿರಾಗೇ ಇರುತ್ತದೆ. ಹೊಲದ ನಡುವಿನ ಗಿಡವನ್ನೇ ಆರಿಸಿ.

ಬಿತ್ತುವ ಮೊದಲು ಬೀಜಕ್ಕೆ ಎರಡು ಕೆಲಸ. ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಬೀಜ 8 ತಾಸು ನೆನೆಸಿ, ನೆರಳಲ್ಲಿ ಮೊದಲಿನಷ್ಟೇ ಒಣಗಿಸಿ. ಮೊದಲ ದಿನಗಳ ಒಣ ಹವೆ ತಾಳಲು ಇದು ಸಸಿಗೆ ಸಹಾಯ ಮಾಡುತ್ತದೆ. ಬಿಸಿಲಿಗೆ ಹಾಕಿದರೆ ಮೊಳಕೆ ಕೆಡುತ್ತದೆ. ಒಣಗಿದ ಮೇಲೆ, ಎಳೆ ಸಸಿಯ ಸುಳಿ ತಿನ್ನುವ ಸುಳಿ ನೊಣಕ್ಕೆ ಬೀಜೋಪಚಾರದ ಔಷಧಿ, ಚೀಟಿಯಲ್ಲಿ ಬರೆದ ಪ್ರಮಾಣದಲ್ಲಿ ಹಚ್ಚಿ. ಔಷಧಿ ಹಚ್ಚಿ ಆಮೇಲೆ ನೆನೆಸಿದರೆ ಎಲ್ಲಾ ತೊಳೆದು ಹೋಗುತ್ತದೆ. ಕೈಗವಸು ಮರೆಯಬೇಡಿ.

## ಹಂತ 4: ಬಿತ್ತನೆ (ಸೆಪ್ಟೆಂಬರ್ 15 ರಿಂದ ಅಕ್ಟೋಬರ್ 15)

ಉತ್ತರಿ ಮಳೆ ಮುಗಿದು ಹಸ್ತ ಶುರುವಾಗುವ ಹೊತ್ತು ಒಳ್ಳೆಯದು. ಹಗುರ ಹೊಲ ಮೊದಲು ಬಿತ್ತಿ, ಭಾರಿ ಎರೆ ಆಮೇಲೆ. ಹಗುರ ಹೊಲದ ಹಸಿ ಕಾಯುವುದಿಲ್ಲ. ಚಿತ್ತಿ ಮಳೆ ನೋಡಿಕೊಂಡು ಬಿತ್ತೋಣ ಅಂತ ಕುಳಿತವರ ಬೆಳೆ, ಕಾಳು ಕಟ್ಟುವ ಹೊತ್ತಿಗೆ ಫೆಬ್ರವರಿ ಬಿಸಿಲಿಗೆ ಸಿಗುತ್ತದೆ.

ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್. ಎಕರೆಗೆ 4 ಕಿಲೋ ಬೀಜ. ಆಳ 5 ಸೆಂಟಿಮೀಟರ್ ಆಸುಪಾಸು, ಬೀಜ ಹಸಿ ಮಣ್ಣಿಗೇ ಬೀಳಬೇಕು. ಸಾಲು ಇಳಿಜಾರಿಗೆ ಅಡ್ಡಲಾಗಿರಲಿ.

ಗೊಬ್ಬರ ಎಲ್ಲಾ ಬಿತ್ತುವಾಗಲೇ, ಬೀಜಕ್ಕಿಂತ ಸ್ವಲ್ಪ ಕೆಳಗೆ. ಮಳೆಯಾಶ್ರಿತ ಮಧ್ಯಮ ಹೊಲಕ್ಕೆ ಎಕರೆಗೆ 16 ಕಿಲೋ ಸಾರಜನಕ, 8 ಕಿಲೋ ರಂಜಕದ ಲೆಕ್ಕ. ಅಂದರೆ ಸುಮಾರು 17 ಕಿಲೋ ಡಿಎಪಿ, 28 ಕಿಲೋ ಯೂರಿಯಾ. ಇದಕ್ಕಿಂತ ಜಾಸ್ತಿ ಬೇಡ. ಒಂದು ಚೀಲ ಜಾಸ್ತಿ ಹಾಕಿದರೆ ಬೆಳೆ ಬೇಗ ಮುಚ್ಚಿಕೊಳ್ಳುತ್ತದೆ, ಎಲೆ ಅಗಲವಾಗುತ್ತದೆ, ದಾರಿಹೋಕರೂ ಹೊಗಳುತ್ತಾರೆ. ಆದರೆ ಅಷ್ಟೂ ಎಲೆ ನವೆಂಬರ್‌ನಲ್ಲೇ ನೀರು ಹೀರಿ ಮುಗಿಸುತ್ತದೆ. ಹೂ ಬಿಡುವವರೆಗೆ ಬೆಳೆ ತುಸು ಸಣ್ಣಗೇ ಇರಲಿ. ಹಸಿರು ಉಳಿಸಿಕೊಳ್ಳುವ ತಳಿಗಳ ಗುಟ್ಟೂ ಬಹುಪಾಲು ಇದೇ: ಮೊದಲು ಚಿಕ್ಕ ಎಲೆ, ಕಡಿಮೆ ಮರಿದಂಟು, ಉಳಿದ ನೀರು ಕಾಳಿಗೆ.

ಮರಾಠಿ ಹಾಳೆಯಲ್ಲಿ ಲೆಕ್ಕ ಹೆಕ್ಟೇರಿಗೆ ಇರುತ್ತದೆ. ಎಕರೆಗೆ ಮಾಡಲು 2.5ರಿಂದ ಭಾಗಿಸಿ. ಹೆಕ್ಟೇರಿನ ಗೊಬ್ಬರವನ್ನು ಎಕರೆಗೆ ಸುರಿದವರನ್ನು ಬೇಕಾದಷ್ಟು ನೋಡಿದ್ದೇನೆ.

## ಹಂತ 5: ಸಸಿ ತೆಗೆಯುವುದು

ಯಾರಿಗೂ ಮನಸ್ಸು ಬರದ ಕೆಲಸ ಇದು. ಬೆಳೆದ ಸಸಿ ಕೀಳುವುದಕ್ಕೆ ಕೈ ಏಳುವುದಿಲ್ಲ. ಆದರೂ ಮೊಳಕೆ ಬಂದ 10–12 ದಿನಕ್ಕೆ ಒಮ್ಮೆ, 20 ದಿನದ ಒಳಗೆ ಇನ್ನೊಮ್ಮೆ ತೆಗೆಯಲೇಬೇಕು. ಮೊದಲ ಸಲ ಪೂರ್ತಿ ಅಂತರಕ್ಕೆ ತೆಗೆಯಬೇಡಿ. ಸುಳಿ ನೊಣ ಎಷ್ಟು ಸಸಿ ತಿನ್ನುತ್ತದೋ ಗೊತ್ತಿರುವುದಿಲ್ಲ. ನಡು ಸುಳಿ ಒಣಗಿ, ಎಳೆದರೆ ಸಲೀಸಾಗಿ ಕಿತ್ತು ಬಂದು ಬುಡದಲ್ಲಿ ಕೊಳೆತ ವಾಸನೆ ಹೊಡೆದರೆ ಅದು ಸುಳಿ ನೊಣದ್ದು. ಎರಡನೇ ಸಲ ಅಂಥವನ್ನೇ ಮೊದಲು ಕಿತ್ತು, ಆಮೇಲೆ ಅಂತರ ಸರಿ ಮಾಡಿ.

ಮಧ್ಯಮ, ಭಾರಿ ಹೊಲದಲ್ಲಿ ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರ್. ಆಗ ಎಕರೆಗೆ ಸುಮಾರು 60,000 ಗಿಡ. ಹಗುರ ಹೊಲದಲ್ಲಿ 20ಕ್ಕೆ ಹೋಗಿ ಅನ್ನುವುದು ನನ್ನ ಮಾತು, ಗಿಡ 45,000ಕ್ಕೆ ಇಳಿಯುತ್ತವೆ. ಕಣ್ಣಳತೆ ನಂಬಬೇಡಿ. ಟೇಪ್ ಹಿಡಿದು ಒಂದು ಸಾಲಿನಲ್ಲಿ 10 ಮೀಟರ್ ಎಣಿಸಿ. 15ರ ಅಂತರಕ್ಕೆ 65 ಆಸುಪಾಸು, 20ರ ಅಂತರಕ್ಕೆ 50 ಗಿಡ ಸಿಗಬೇಕು. 90–100 ಸಿಕ್ಕರೆ ಕೂಲಿ ಕೊಟ್ಟದ್ದು ದಂಡ.

ದನಕರುಗಳ ವಿಷಯದಲ್ಲಿ ಎಚ್ಚರ. ಕಿತ್ತ ಹಸಿ ಸಸಿಯನ್ನು ದನ, ಆಡು, ಕುರಿಗೆ ಹಾಕಬೇಡಿ. ಎಳೆ ಜೋಳದಲ್ಲಿ ಸಯನೈಡ್ ವಿಷ ಹುಟ್ಟುವ ವಸ್ತು ಇರುತ್ತದೆ. ನೀರಿಲ್ಲದೆ ಕುಳ್ಳಾಗಿ ನಿಂತ ಬೆಳೆಯಲ್ಲಿ, ಕೊಯ್ದ ಮೇಲೆ ಕೂಳೆಯಿಂದ ಬಂದ ಚಿಗುರಿನಲ್ಲಿ ಅದು ಇನ್ನೂ ಜಾಸ್ತಿ. ತಿಂದ ಸ್ವಲ್ಪ ಹೊತ್ತಿನಲ್ಲೇ ದನ ಏದುಸಿರು ಬಿಡುತ್ತದೆ, ಜೊಲ್ಲು ನೊರೆ ಸುರಿಸುತ್ತದೆ, ತೂರಾಡಿ ಬೀಳುತ್ತದೆ. ಮನೆಮದ್ದು ಮಾಡುತ್ತಾ ಕೂರದೆ ಆ ಕ್ಷಣ ಪಶುವೈದ್ಯರನ್ನು ಕರೆಸಿ. ಇದಕ್ಕೆ ಇಂಜೆಕ್ಷನ್ ಇದೆ, ಆದರೆ ಸಮಯ ಬಹಳ ಕಡಿಮೆ. ಚೆನ್ನಾಗಿ ಬಿಸಿಲಲ್ಲಿ ಒಣಗಿಸಿದರೆ ಈ ವಿಷ ಇಳಿಯುತ್ತದೆ.

## ಹಂತ 6: ಮೂರು ಎಡೆ

ಈ ಇಡೀ ಕೆಲಸದಲ್ಲಿ ಕಡಿಮೆ ಖರ್ಚಿನದು, ಜಾಸ್ತಿ ಫಲದ್ದು ಇದೇ. ಮೂರನೇ ವಾರಕ್ಕೆ ಒಂದು, ಐದನೇ ವಾರಕ್ಕೆ ಒಂದು, ಎಂಟನೇ ವಾರಕ್ಕೆ ಒಂದು.

ಮೊದಲ ಎರಡು ಎಡೆ ಕಳೆಗೆ. ಜೊತೆಗೆ ಮೇಲಿನ ಮಣ್ಣು ಸಡಿಲವಾಗಿ ಪುಡಿ ಪದರ ಆಗುತ್ತದೆ. ಕೆಳಗಿನ ಹಸಿ ಮೇಲಕ್ಕೆ ಏರಿ ಆರುವ ದಾರಿ ಕಡಿಯುತ್ತದೆ. ಕುಡ ಎರಡು ಇಂಚಿಗಿಂತ ಕೆಳಗೆ ಇಳಿಯಬಾರದು, ಇಳಿದರೆ ಪಕ್ಕದ ಬೇರು ಕತ್ತರಿಸುತ್ತದೆ. ಮಣ್ಣು ಒದ್ದೆ ಇರುವಾಗ ಹೊಡೆದರೆ ಹೆಂಟೆ ಏಳುತ್ತದೆ. ಹೆಂಟೆಗಳ ಸಂದಿಯಲ್ಲಿ ಗಾಳಿ ಆಡಿ ಹಸಿ ಇನ್ನೂ ಬೇಗ ಹೋಗುತ್ತದೆ. ಹಿಡಿ ಮಣ್ಣು ಹಿಚುಕಿದರೆ ಅಂಟದೆ ಉದುರಬೇಕು, ಆಗ ಹದ.

ಮೂರನೇ ಎಡೆಯನ್ನೇ ಎಲ್ಲರೂ ಬಿಡುವುದು. ಎಂಟನೇ ವಾರಕ್ಕೆ ಕಳೆ ಇರುವುದಿಲ್ಲ, ಬೆಳೆ ಎತ್ತರ ಬಂದಿರುತ್ತದೆ, ಎತ್ತಿಗೆ ಬಾಯಿಬುಟ್ಟಿ ಕಟ್ಟಬೇಕು, ಯಾಕೆ ಬೇಕು ಅನಿಸುತ್ತದೆ. ಆದರೆ ಎರೆ ಹೊಲ ಬಿರುಕು ಬಿಡಲು ಶುರುವಾಗುವುದು ಆಗಲೇ. ಸಾಲಿನ ನಡುವೆ ಕುಳಿತು ನೋಡಿ. ಮೊದಲು ಕೂದಲೆಳೆಯಂಥ ಗೀರು. ಕೆಲವೇ ದಿನದಲ್ಲಿ ಬೆರಳು ಇಳಿಯುತ್ತದೆ. ಒಳಗೆ ಇಳಿಸಿದ ಬೆರಳಿಗೆ ಪಕ್ಕದ ಮಣ್ಣು ತಣ್ಣಗೆ ತಾಗಿದರೆ, ಆ ತಣ್ಣಗಿನ ಗೋಡೆಯಿಂದಲೇ ಹಗಲಿಡೀ ಹಸಿ ಆರುತ್ತಿದೆ. ಬಿರುಕು ಎಳೆಯ ಬೇರನ್ನೂ ಹರಿಯುತ್ತದೆ. ಹಲ್ಲಿನ ಕುಂಟೆ ಆಡಿಸಿ, ಪುಡಿ ಮಣ್ಣು ಬಿರುಕಿಗೆ ಬೀಳಬೇಕು. ಸಾದಾ ಕುಡ ಆ ಹೊತ್ತಿಗೆ ಗಟ್ಟಿ ನೆಲದಲ್ಲಿ ಜಾರುತ್ತದೆ, ಕೆಲಸ ಆಗುವುದಿಲ್ಲ. ಎತ್ತು ಸಿಗದಿದ್ದರೆ ಕೈಯಿಂದ ತಳ್ಳುವ ಸೈಕಲ್ ಕುಂಟೆಯಾದರೂ ಸರಿ.

ಒಣ ಕಸ, ತೊಗರಿ ಹೊಟ್ಟು ಹೊದಿಸಬೇಕು ಅಂತ ಎಲ್ಲಾ ಹಾಳೆಯಲ್ಲೂ ಬರೆದಿರುತ್ತಾರೆ. ಎಕರೆಗೆ ಎರಡು ಟನ್ ಬೇಕು. ಒಳ್ಳೆಯದೇ, ಆದರೆ ನಮ್ಮ ಕಡೆ ಹೊಟ್ಟು ದನಕ್ಕೇ ಸಾಲುವುದಿಲ್ಲ. ಇದ್ದವರು ಐದನೇ ವಾರದೊಳಗೆ ಹೊದಿಸಿ. ಇಲ್ಲದವರಿಗೆ ಪುಡಿ ಮಣ್ಣೇ ಹೊದಿಕೆ.

## ಹಂತ 7: ಎಲೆ ನೋಡಿ ತಿಳಿಯುವುದು

“ಕಾಕಾ, ಎಲಿ ಸುರುಳಿ ಸುತ್ಯಾವು, ಯೂರಿಯಾ ಒಗೀಲೇನ್ರಿ?” ಅಂತ ಕೇಳುವ ಹುಡುಗರಿಗೆ ನಾನು ತಿರುಗಿ ಕೇಳುವುದು ಒಂದೇ: “ಎಷ್ಟು ಗಂಟೆಗೆ ನೋಡಿದ್ಯೋ?”

ಮಧ್ಯಾಹ್ನ ಸುತ್ತಿಕೊಂಡು ಸಂಜೆಗೆ ಬಿಚ್ಚಿಕೊಂಡರೆ ಏನೂ ಮಾಡಬೇಡಿ. ಜೋಳ ತನ್ನ ಕೆಲಸ ತಾನು ಮಾಡುತ್ತಿದೆ. ಬೆಳಿಗ್ಗೆ ಒಂಬತ್ತು ಹತ್ತಕ್ಕೇ ಸುತ್ತಿಕೊಳ್ಳಲು ಶುರುವಾದರೆ ಬೇರಿನ ಹತ್ತಿರದ ಹಸಿ ಮುಗಿಯುತ್ತಿದೆ, ಮೂರನೇ ಎಡೆ ಆಗಿರದಿದ್ದರೆ ತಕ್ಷಣ ಮಾಡಿ. ರಾತ್ರಿ ಕಳೆದು ಬೆಳಿಗ್ಗೆ ಏಳಕ್ಕೂ ಎಲೆ ಬಿಚ್ಚದೆ ಕೊಳವೆಯಂತೆ ನಿಂತಿದ್ದರೆ ಅದು ಅಪಾಯ. ಬಣ್ಣವೂ ಹಸಿರು ಹೋಗಿ ಬೂದು ನೀಲಿಯಾಗಿರುತ್ತದೆ. ನೀರು ಇದ್ದವರು ಅವತ್ತೇ ಕೊಡಬೇಕು.

ಜೊತೆಗೆ ಮಣ್ಣನ್ನೂ ನೋಡಿ. ಸಾಲಿನ ನಡುವೆ ಒಂದು ಅಡಿ ಕೆಳಗಿನ ಮಣ್ಣು ತೆಗೆದು ಅಂಗೈಯಲ್ಲಿ ಹಿಚುಕಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಪಟ್ಟಿಯಂತೆ ಎಳೆಯಿರಿ. ಪಟ್ಟಿ ಬಂದರೆ ಹಸಿ ಇದೆ. ಉಂಡೆ ಆಗಿ ಪಟ್ಟಿ ಆಗದೆ ಮುರಿದರೆ ಮುಗಿಯುತ್ತಾ ಬಂದಿದೆ. ಉಂಡೆಯೇ ಆಗದಿದ್ದರೆ ಎರಡನೇ ಅಡಿಗೆ ಇಳಿದು ನೋಡಿ, ಬೇರು ಅಲ್ಲಿಂದ ಕುಡಿಯುತ್ತಿರಬಹುದು.

ಎಲೆ ಹಳದಿಯಾದದ್ದೆಲ್ಲ ನೀರಿನ ಕೊರತೆಯಲ್ಲ. ಕೆಳಗಿನ ಎಲೆಯ ತುದಿಯಿಂದ ನಡು ನರದ ಉದ್ದಕ್ಕೆ ಹಳದಿ ಒಳಗೆ ಇಳಿದಿದ್ದರೆ, ಎಲೆ ಸುತ್ತಿಕೊಂಡಿರದಿದ್ದರೆ, ಸಾರಜನಕದ ಕೊರತೆ. ಅಂಚು ಮಾತ್ರ ಸುಟ್ಟಂತೆ ಒಣಗಿದರೆ ಪೊಟ್ಯಾಷ್ ಕೊರತೆಯೂ ಇರಬಹುದು, ನೀರಿನದೂ ಇರಬಹುದು. ಸುರುಳಿ ಸುತ್ತುವ ಹೊತ್ತು ನೋಡಿದರೆ ಯಾವುದು ಅಂತ ತಿಳಿಯುತ್ತದೆ. ಎಲೆ ಮೇಲೆ ಜಿಗುಟು ಮಿಂಚುತ್ತಿದ್ದರೆ ಮಗುಚಿ ನೋಡಿ, ಹೇನು ಇರುತ್ತವೆ. ಆ ಜಿಗುಟಿನ ಮೇಲೆ ಕಪ್ಪು ಬೂಷ್ಟು ಬೆಳೆದರೆ ಎಲೆಗೆ ಬೆಳಕು ತಾಗುವುದಿಲ್ಲ.

ಒಣ ನೆಲಕ್ಕೆ ಯೂರಿಯಾ ಒಗೆಯುವುದು ಎಲ್ಲದಕ್ಕಿಂತ ಕೆಟ್ಟ ಕೆಲಸ. ಬೇರಿಗೆ ಸಿಗುವುದಿಲ್ಲ. ಆಮೇಲೆ ಸ್ವಲ್ಪ ಮಳೆ ಬಂದರೆ ಗಿಡ ಒಮ್ಮೆಲೇ ಹೀರಿಕೊಂಡು ದಂಟಿನಲ್ಲಿ ನೈಟ್ರೇಟ್ ಕೂಡಿಡುತ್ತದೆ. ಇದೂ ದನಕ್ಕೆ ವಿಷವೇ, ಒಣಗಿಸಿದರೂ ಹೋಗುವುದಿಲ್ಲ.

## ಹಂತ 8: ಒಂದೇ ನೀರು ಇದ್ದರೆ ಯಾವಾಗ?

ಜೋಳಕ್ಕೆ ನೀರು ಬೇಕೆನಿಸುವ ಹೊತ್ತು ನಾಲ್ಕು: 28–30 ದಿನ, ಹೊಡೆಯಲ್ಲಿರುವ (ತೆನೆ ಇನ್ನೂ ಎಲೆಯೊಳಗೇ ಇರುವ) 50–55 ದಿನ, ಹೂವಿನ 70–75 ದಿನ, ಕಾಳು ತುಂಬುವ 90–95 ದಿನ. ನಾಲ್ಕೂ ಕೊಡುವವರಿಗೆ ಈ ಲೇಖನ ಬೇಕಿಲ್ಲ.

ಎರಡು ನೀರು ಇದ್ದರೆ 28–30ಕ್ಕೆ, 50–55ಕ್ಕೆ. ಒಂದೇ ಇದ್ದರೆ ನಾನು ಹೊಡೆಯ ಹೊತ್ತಿಗೇ ಕೊಡಿ ಅನ್ನುತ್ತೇನೆ. ಕೊನೆಯ ಎಲೆ ಹೊರಬಂದು, ಅದರ ಕೆಳಗೆ ದಂಟು ಉಬ್ಬಿದ್ದು ಬೆರಳಿಗೆ ತಾಗುತ್ತದೆ, ಅದೇ ಗುರುತು. ಆಗ ಕೊಟ್ಟ ನೀರು ತೆನೆಯ ಗಾತ್ರವನ್ನೂ ಉಳಿಸುತ್ತದೆ, ಕಾಳಿಗೆ ಸಕ್ಕರೆ ಕೊಡುವ ಮೇಲಿನ ನಾಲ್ಕೈದು ಎಲೆಗಳನ್ನೂ ಉಳಿಸುತ್ತದೆ.

ಎಕರೆಗೆ 5 ಸೆಂಟಿಮೀಟರ್ ನೀರು ಅಂದರೆ 2 ಲಕ್ಷ ಲೀಟರ್. 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳದ ಕೃಷಿ ಹೊಂಡ ತುಂಬಿದ್ದರೂ 3 ಲಕ್ಷ ಲೀಟರ್ ದಾಟುವುದಿಲ್ಲ. ಬದಿ ಇಳಿಜಾರಿದ್ದರೆ ಇನ್ನೂ ಕಮ್ಮಿ. ಹೀಗಿರುವಾಗ ಆ ಹೊಂಡದಿಂದ ಮೂರು ಎಕರೆಗೆ ನೀರು ಹಂಚುವುದು ಮೂರೂ ಎಕರೆ ಕಳೆದುಕೊಳ್ಳುವ ದಾರಿ. ಮಧ್ಯಮ ಮಣ್ಣಿನ ಒಂದು ಎಕರೆ ಆರಿಸಿ ಅದಕ್ಕೇ ಕೊಡಿ. ಭಾರಿ ಎರೆ ತಾನೇ ತಾಳುತ್ತದೆ. ತೀರಾ ಹಗುರ ಹೊಲ ಕೊಟ್ಟಿದ್ದನ್ನು ಹಿಡಿದಿಡುವುದಿಲ್ಲ.

ದೊಡ್ಡ ಬಿರುಕು ಬಿಟ್ಟ ಮೇಲೆ ಹಾಯಿನೀರು ಬಿಡಬೇಡಿ. ತಲೆಗೆ ಬಿಟ್ಟ ನೀರು ಬಿರುಕಿನಲ್ಲಿ ಇಳಿದು ಹೊಲದ ಬಾಲ ಮುಟ್ಟುವುದೇ ಇಲ್ಲ. ಬಿರುಕಿಗೆ ಮೊದಲೇ ಬಿಡಿ, ಇಲ್ಲವೇ ಸ್ಪ್ರಿಂಕ್ಲರ್ ಹಾಕಿ. ಸಾಲು ಬಿಟ್ಟು ಸಾಲಿಗೆ ಬಿಟ್ಟರೆ ಇದ್ದ ನೀರು ಜಾಸ್ತಿ ದೂರ ಹೋಗುತ್ತದೆ. ಹೂ ಬಿಟ್ಟಿರುವಾಗ ಬೆಳಗಿನ ಹೊತ್ತು ಸ್ಪ್ರಿಂಕ್ಲರ್ ಬೇಡ, ಪರಾಗ ತೊಳೆದು ಹೋಗುತ್ತದೆ. ತೆನೆ ತೂಕ ಬಂದ ಮೇಲೆ ಗಾಳಿ ಇರುವ ದಿನವೂ ಬೇಡ.

## ಹಂತ 9: ಸಿಂಪಡಣೆ, ಬೇಕೇ ಬೇಕಾದರೆ

ಸಿಂಪಡಣೆ ನೀರಿಗೆ ಬದಲಿ ಅಲ್ಲ. ಮಣ್ಣಿನಲ್ಲಿ ಸ್ವಲ್ಪವಾದರೂ ಹಸಿ ಇರುವಾಗ, ಹೊಡೆಯ ಹೊತ್ತಿಗೆ, ಲೀಟರಿಗೆ 20 ಗ್ರಾಂ ಪೊಟ್ಯಾಷಿಯಂ ನೈಟ್ರೇಟ್ (13:0:45) ಸಂಜೆ ಹೊಡೆದರೆ ಎಲೆಗೆ ಕೊಂಚ ಬಲ. ಪತ್ರರಂಧ್ರ ತೆರೆದು ಮುಚ್ಚುವುದು ಪೊಟ್ಯಾಷಿಯಂ ಬಲದಿಂದಲೇ. ಎಲೆ ಸುರುಳಿ ಸುತ್ತಿರುವಾಗ ಮಧ್ಯಾಹ್ನ ಹೊಡೆದರೆ ಎಲೆ ಸುಡುತ್ತದೆ.

ಬಿಳಿ ಕೇಯೋಲಿನ್ ಮಣ್ಣನ್ನು ಲೀಟರಿಗೆ 80 ಗ್ರಾಂನಂತೆ ಹೊಡೆಯುವುದು ಕೊನೆಯ ಉಪಾಯ. ಬಿಸಿಲನ್ನು ತಿರುಗಿಸಿ ಎಲೆಯ ಕಾವು ಇಳಿಸುತ್ತದೆ, ನೀರು ಆರುವುದು ತಗ್ಗುತ್ತದೆ. ಆದರೆ ಬೆಳಕನ್ನೂ ಸ್ವಲ್ಪ ತಡೆಯುತ್ತದೆ. ಹಾಗಾಗಿ ನೀರು ಸಿಗುವ ಆಸೆಯೇ ಇಲ್ಲದವರಿಗೆ ಮಾತ್ರ. ಬಟ್ಟೆಯಲ್ಲಿ ಸೋಸದೆ ಪಂಪಿಗೆ ಹಾಕಿದರೆ ನಾಜಲ್ ಕಟ್ಟುತ್ತದೆ.

ಕೆಳಗಿನ ಒಣ ಎಲೆ ಕೀಳುವುದಕ್ಕೆ ಅಡ್ಡಿಯಿಲ್ಲ. ಮೇವಿಗೆ ಬೇಕು ಅಂತ ಹಸಿರೆಲೆ ಕೀಳಬೇಡಿ.

## ಹಂತ 10: ಎಳ್ಳ ಅಮಾವಾಸ್ಯೆಯಿಂದ ಕೊಯ್ಲಿನವರೆಗೆ

ಚರಗ ಚೆಲ್ಲಲು ಹೊಲಕ್ಕೆ ಹೋದ ದಿನ ಊಟ ಆದ ಮೇಲೆ ಒಂದರ್ಧ ತಾಸು ಇದಕ್ಕೆ ಕೊಡಿ. ಹೇಗೂ ಎಲ್ಲರೂ ಹೊಲದಲ್ಲೇ ಇರುತ್ತೀರಿ, ಹುಡುಗರನ್ನೂ ಹಚ್ಚಿ. ಬೇರೆ ಬೇರೆ ಕಡೆ ಹತ್ತು ಗಿಡದ ಹಸಿರೆಲೆ ಎಣಿಸಿ ಬರೆದುಕೊಳ್ಳಿ. ಆಮೇಲೆ ವಾರಕ್ಕೊಮ್ಮೆ ಎಣಿಸಿ. ವಾರಕ್ಕೆ ಒಂದು ಎಲೆ ಒಣಗಿದರೆ ಚಿಂತೆಯಿಲ್ಲ. ಒಂದೇ ವಾರದಲ್ಲಿ ಎರಡು ಮೂರು ಹೋದರೆ ದಂಟು ನೋಡಬೇಕು.

ನೆಲದಿಂದ ಎರಡನೇ ಗಣ್ಣಿನ ಹತ್ತಿರ ಹೆಬ್ಬೆರಳಿಂದ ಒತ್ತಿ. ಮೆತ್ತಗೆ ಒಳಗೆ ಹೋದರೆ ಗಿಡ ಕಿತ್ತು ದಂಟು ಉದ್ದಕ್ಕೆ ಸೀಳಿ. ಒಳಗಿನ ತಿರುಳು ಕರಗಿ ಬರೀ ನಾರಿನ ಎಳೆ ಉಳಿದಿದ್ದು, ಎಳೆಗಳ ಮೇಲೆ ಇದ್ದಿಲ ಪುಡಿ ಉದುರಿಸಿದಂತೆ ಕಪ್ಪು ಚುಕ್ಕಿ ಕಂಡರೆ ಅದು ಇದ್ದಿಲು ಕೊಳೆ. ಮರಾಠಿಯವರು ಖಡಖಡ್ಯಾ ಅನ್ನುತ್ತಾರೆ. ಹೂ ಬಿಟ್ಟ ಮೇಲೆ ನೀರಿನ ಕೊರತೆ, ಒಣ ಬಿಸಿ, ಒತ್ತು ಬೆಳೆ, ಜಾಸ್ತಿ ಸಾರಜನಕ, ಈ ನಾಲ್ಕು ಕೂಡಿದ ಕಡೆ ಇದು ಗ್ಯಾರಂಟಿ. ಹತ್ತಿದ ಮೇಲೆ ಔಷಧಿಯಿಂದ ವಾಸಿಯಾಗುವುದಿಲ್ಲ. ಅಂಗಡಿಯಲ್ಲಿ ಏನಾದರೂ ಕೊಟ್ಟರೆ ತರಬೇಡಿ.

ಕಾಳು ತುಂಬಿತೋ ಇಲ್ಲವೋ ನೋಡಲು ತೆನೆಯ ನಡುವಿನ ಕಾಳು ಬಿಡಿಸಿ, ಗಿಡಕ್ಕೆ ಅಂಟಿದ್ದ ಬುಡ ನೋಡಿ. ಅಲ್ಲಿ ಕಪ್ಪು ಚುಕ್ಕಿ ಮೂಡಿದ್ದರೆ ಕಾಳಿಗೆ ಸಕ್ಕರೆ ಹೋಗುವುದು ನಿಂತಿದೆ. ಆಮೇಲೆ ಎಲೆ ಒಣಗಿದರೂ ಇಳುವರಿಗೆ ಲುಕ್ಸಾನಿಲ್ಲ. ಚುಕ್ಕಿ ಮೂಡುವ ಮೊದಲೇ ಹೊಲದ ಒಂದು ಭಾಗದಲ್ಲಿ ಬುಡ ಮೆತ್ತಗಾಗಿದ್ದರೆ ಆ ಭಾಗಕ್ಕೆ ನೀರು ಕೊಡಲು ಹೋಗಬೇಡಿ. ಚುಕ್ಕಿ ಮೂಡಿದ ದಿನವೇ ಆ ಭಾಗ ಮೊದಲು ಕೊಯ್ಯಿರಿ. ಬಿದ್ದ ದಂಟಿನ ತೆನೆ ನೆಲಕ್ಕೆ ತಾಗಿದರೆ ಕಾಳು ಬೂಷ್ಟು ಹಿಡಿಯುತ್ತದೆ, ಹೆಗ್ಗಣದ ಪಾಲೂ ಆಗುತ್ತದೆ.

ರೋಗ ಬಂದ ಭಾಗದ ಕೂಳೆ ಬೇರು ಸಮೇತ ಕಿತ್ತು ಹೊಲದಿಂದ ಹೊರಗೆ ಹಾಕಿ. ಆ ಕಪ್ಪು ಚುಕ್ಕಿಗಳೇ ಶಿಲೀಂಧ್ರದ ಬೀಜ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಮುಂದಿನ ವರ್ಷ ಕಡಲೆ ಹಾಕಿದರೆ ಆಯಿತು ಅಂತ ಹೇಳುವವರಿದ್ದಾರೆ. ಅದೇ ಶಿಲೀಂಧ್ರ ಕಡಲೆಗೆ ಒಣ ಬೇರು ಕೊಳೆ ತರುತ್ತದೆ, ಕುಸುಬೆಗೂ ಹತ್ತುತ್ತದೆ. ಆ ಭಾಗವನ್ನು ನೋಟ್‌ಬುಕ್ಕಿನ ಚಿತ್ರದಲ್ಲಿ ಗುರುತು ಮಾಡಿ. ಅಲ್ಲಿ ಮುಂದಿನ ಸಲ ಚೌಕ ಇನ್ನೂ ಚಿಕ್ಕದು ಹಾಕಿ, ಗಿಡ ಕಡಿಮೆ ಇಡಿ, ಬೇಗ ಬರುವ ತಳಿ ಬಿತ್ತಿ.